ಹೆಸರಿಲ್ಲದ ಮುಖಗಳು: ಪೂರ್ವಿಕರ ಭಾವಚಿತ್ರಗಳು ಮತ್ತು ಮನೆತನದ ಇತಿಹಾಸ

ಕನ್ನಡ ನಾಡಿನ ಹಳೆಯ ಮನೆಗಳ ಪಡಸಾಲೆಯಲ್ಲಿ, ಬಾಗಿಲಿನ ಮೇಲ್ಗಡೆ, ಗೋಡೆಯಿಂದ ತುಸು ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಪಟಗಳ ಸಾಲೊಂದು ಇರುತ್ತದೆ. ಕರಿಯ ಮರದ ಚೌಕಟ್ಟು, ಮಾಸಿದ ಗಾಜು. ಒಳಗೆ ರುಮಾಲು ಸುತ್ತಿ ಕುರ್ಚಿಯಲ್ಲಿ ಕುಳಿತ ಹಿರಿಯರು, ಹಿಂದೆ ಕೈಕಟ್ಟಿ ನಿಂತ ತರುಣರು, ಮುಂದೆ ಜಮಖಾನೆಯ ಮೇಲೆ ಕುಳಿತ ಮಕ್ಕಳು. ಆ ಮನೆಯ ಅಜ್ಜಿಗೆ ಅವರಲ್ಲಿ ಪ್ರತಿಯೊಬ್ಬರ ಹೆಸರು, ನೆಂಟಸ್ತಿಕೆ, ಸ್ವಭಾವ ಎಲ್ಲವೂ ಗೊತ್ತು. ಆಕೆಯ ಮಗನಿಗೆ ನಾಲ್ಕೈದು ಹೆಸರುಗಳು ಗೊತ್ತು. ಮೊಮ್ಮಗನಿಗೆ ಅವರೆಲ್ಲರೂ ‘ಹಿರಿಯರು’ ಮಾತ್ರ. ಕಾಗದ ಉಳಿದಿದೆ, ಅದರಲ್ಲಿರುವವರು ಯಾರೆಂಬ ತಿಳಿವಳಿಕೆ ಅಳಿದಿದೆ.

ಭಾವಚಿತ್ರವನ್ನು ಕಾಪಾಡುವುದೆಂದರೆ ಕಾಗದವನ್ನು ಕಾಪಾಡುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಗೆದ್ದಲು, ತೇವ, ಬಿಸಿಲುಗಳಿಂದ ರಕ್ಷಿಸಿ, ಗಣಕಯಂತ್ರಕ್ಕೆ ಇಳಿಸಿಬಿಟ್ಟರೆ ಕೆಲಸ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಆದರೆ ಮನೆತನದ ಇತಿಹಾಸಕ್ಕೆ ಚಿತ್ರವೊಂದೇ ಆಕರವಾಗಲಾರದು. ಅದರೊಂದಿಗೆ ಹೆಸರು, ಊರು, ಸಂಬಂಧ, ಕಾಲಗಳು ಸೇರಿದಾಗ ಮಾತ್ರ ಅದು ದಾಖಲೆಯಾಗುತ್ತದೆ. ಈ ಮಾತನ್ನು ಸ್ಪಷ್ಟಪಡಿಸಿಕೊಳ್ಳಲು ಕ್ಯಾಮೆರಾ ಬರುವ ಮೊದಲು ಈ ನಾಡು ತನ್ನ ಪೂರ್ವಿಕರನ್ನು ಹೇಗೆ ನೆನಪಿಟ್ಟುಕೊಂಡಿತ್ತು ಎಂಬುದನ್ನು ನೋಡಬೇಕು.

ಕಲ್ಲಿನಲ್ಲಿ ಹೆಸರು

ಸತ್ತವರ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ಕರ್ನಾಟಕದಲ್ಲಿ ಬಹು ಪ್ರಾಚೀನವಾದುದು. ತುರುಗೊಳ್‌ಗಳಲ್ಲಿ, ಊರಳಿವಿನ ಹೋರಾಟಗಳಲ್ಲಿ ಮಡಿದವರಿಗೆ ವೀರಗಲ್ಲುಗಳು, ಸಹಗಮನ ಮಾಡಿದವರಿಗೆ ಮಾಸ್ತಿಕಲ್ಲುಗಳು, ಸಲ್ಲೇಖನದಿಂದ ಮುಡಿಪಿದವರಿಗೆ ನಿಸಿಧಿಗಳು ನಿಂತವು. ಇವುಗಳಲ್ಲಿ ಚಿತ್ರವೂ ಉಂಟು, ಬರಹವೂ ಉಂಟು. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲೆ ಸ್ವರ್ಗ. ನಿಸಿಧಿಯಲ್ಲಿ ಪುಸ್ತಕಪೀಠವನ್ನು ನಡುವೆ ಇಟ್ಟುಕೊಂಡು ಕುಳಿತ ಗುರುಶಿಷ್ಯರು. ಆದರೆ ಈ ಶಿಲ್ಪಗಳಲ್ಲಿರುವುದು ಮಾದರಿ ರೂಪಗಳೇ ಹೊರತು ವ್ಯಕ್ತಿಯ ಮುಖವಲ್ಲ. ಒಂದು ವೀರಗಲ್ಲಿನ ವೀರನಿಗೂ ಮತ್ತೊಂದರ ವೀರನಿಗೂ ಮುಖದಲ್ಲಿ ಭೇದವಿಲ್ಲ. ಅವನು ಇಂಥವನೇ ಎಂದು ಗುರುತಿಸುವುದು ಕೆಳಗಿನ ಅಕ್ಷರಗಳು.

ಆ ಅಕ್ಷರಗಳು ಎಷ್ಟು ಸಮೃದ್ಧವಾಗಿರಬಲ್ಲವು ಎಂಬುದಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮಾಚಿಕಬ್ಬೆಯ ಶಾಸನ ಉತ್ತಮ ನಿದರ್ಶನ. ಮಾಚಿಕಬ್ಬೆ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ. ಮಗಳು ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸವ್ರತದಿಂದ ದೇಹತ್ಯಾಗ ಮಾಡಿದಳು. ಶಾಂತಲೆಯ ಮರಣದ ಕಾಲವಾದ ಕ್ರಿ.ಶ. 1131ನ್ನು ಹೇಳುವ ಈ ಶಾಸನ ಮಾಚಿಕಬ್ಬೆಯ ತವರಿನ ವಂಶವನ್ನೂ ಕೊಡುತ್ತದೆ. ನಾಗವರ್ಮ ಮತ್ತು ಚಂದಿಕಬ್ಬೆ, ಅವರ ಮಗ ಬಲದೇವ ಮತ್ತು ಅವನ ಹೆಂಡತಿ ಬಾಚಿಕಬ್ಬೆ, ಅವರ ಮಗಳು ಮಾಚಿಕಬ್ಬೆ, ಆಕೆಯ ಮಗಳು ಶಾಂತಲೆ. ನಾಲ್ಕು ತಲೆಮಾರುಗಳ ನಾಲ್ವರು ಹೆಂಗಸರ ಹೆಸರು ಒಂದೇ ಬರಹದಲ್ಲಿ ಉಳಿದಿದೆ. ಬರೆದ ಬೋಕಿಮಯ್ಯನ ಹೆಸರೂ ಉಳಿದಿದೆ. ಆ ನಾಲ್ವರಲ್ಲಿ ಒಬ್ಬರ ಮುಖವೂ ಇಂದು ಯಾರಿಗೂ ತಿಳಿಯದು.

ಕಾವ್ಯವೂ ವಂಶದ ನೆನಪಿನ ಭಂಡಾರವಾಗಿತ್ತು. ರನ್ನನು 993ರಲ್ಲಿ ರಚಿಸಿದ ‘ಅಜಿತಪುರಾಣ’ದಲ್ಲಿ ತೀರ್ಥಂಕರನ ಕಥೆಯಷ್ಟೇ ಅಲ್ಲ, ಅತ್ತಿಮಬ್ಬೆಯ ಮನೆತನದ ವೃತ್ತಾಂತವೂ ಇದೆ. ಮಲ್ಲಪ, ಪುನ್ನಮಯ್ಯ ಎಂಬ ಸೋದರರು, ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ, ಇಬ್ಬರನ್ನೂ ವರಿಸಿದ ನಾಗದೇವ, ಮಗ ಅಣ್ಣಿಗದೇವ ಇವರೆಲ್ಲ ಇಂದಿನ ಓದುಗರಿಗೆ ಪರಿಚಿತರಾಗಿರುವುದು ಆಶ್ರಯದಾತೆಯ ಕುಟುಂಬವನ್ನು ಕವಿ ಹೆಸರು ಹಿಡಿದು ಹೇಳಿದ್ದರಿಂದ.

ಒಂದೇ ಆಕರವನ್ನು ನಂಬಿದರೆ ಆಗುವ ಕೊರತೆಯನ್ನೂ ಪ್ರಾಚೀನ ಸಾಹಿತ್ಯವೇ ತೋರಿಸಿಕೊಡುತ್ತದೆ. ಪಂಪನು ‘ವಿಕ್ರಮಾರ್ಜುನವಿಜಯ’ದಲ್ಲಿ ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿ, ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ ಎಂದು ಸಾಗುವ ಆ ಸಾಲಿನಲ್ಲಿ ಇರುವವರೆಲ್ಲ ಗಂಡಸರು. ಕವಿಯ ತಾಯಿಯ ಹೆಸರು ತಿಳಿದದ್ದು ಇಂದಿನ ತೆಲಂಗಾಣದ ಕರೀಂನಗರ ಪ್ರದೇಶದ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭನು ಬರೆಸಿದ ಶಾಸನದಿಂದ. ಆಕೆ ಅಬ್ಬಣಬ್ಬೆ, ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಕಾವ್ಯ ಬಿಟ್ಟದ್ದನ್ನು ಕಲ್ಲು ಹೇಳಿತು. ಕಾವ್ಯದ ಅಭಿರಾಮದೇವರಾಯನು ಶಾಸನದಲ್ಲಿ ಭೀಮಪಯ್ಯನಾಗಿದ್ದಾನೆ. ಎರಡು ದಾಖಲೆಗಳನ್ನು ಎದುರುಬದುರು ಇಟ್ಟು ಓದಿದಾಗಲೇ ಆದಿಕವಿಯ ಮನೆಯ ಚಿತ್ರ ತಕ್ಕಮಟ್ಟಿಗೆ ಪೂರ್ಣವಾಯಿತು.

ಇನ್ನು ಸಾಮಾನ್ಯ ಒಕ್ಕಲು ಮನೆಗಳ ವಂಶಾವಳಿಯನ್ನು ಕಾಪಾಡಿದವರು ಹೆಳವರು. ಸುಗ್ಗಿ ಮುಗಿದ ಮೇಲೆ ಊರೂರು ತಿರುಗುತ್ತ, ಮನೆಯ ಮುಂದೆ ನಿಂತು ಆ ಮನೆತನದ ಮೂಲವನ್ನು, ಅಲ್ಲಿಂದ ಕವಲೊಡೆದ ಕುಟುಂಬಗಳನ್ನು ಹೇಳಿ, ಕಾಳುಕಡ್ಡಿ ಪಡೆದು, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಕಲ್ಲು, ಓಲೆ, ನಾಲಗೆ ಈ ಮೂರೂ ಸಾಧನಗಳಲ್ಲಿ ಉಳಿದು ಬಂದದ್ದು ಹೆಸರು. ಮುಖವನ್ನು ಉಳಿಸುವ ಉಪಾಯ ಅವುಗಳಿಗಿರಲಿಲ್ಲ.

ಅರಮನೆಗಳಲ್ಲಿ ಮಾತ್ರ ಮುಖ ಮತ್ತು ವಂಶಗಳನ್ನು ಜೋಡಿಸುವ ಪ್ರಯತ್ನ ಚಿತ್ರಕಲೆಯ ಮೂಲಕ ನಡೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಯ ಮೇಲಿರುವ ‘ಸಂತಾನಾಂಬುಜ’ ಇದಕ್ಕೆ ಉದಾಹರಣೆ. ಅರಸುಮನೆತನದ ಸಂತತಿಯನ್ನು ಅರಳಿದ ಕಮಲದ ರೂಪದಲ್ಲಿ ಬಿಡಿಸಿದ ಆ ಚಿತ್ರ ಬಿಡಿಸುವ ಹೊತ್ತಿಗೆ, ಚಿತ್ರಕಾರನ ಕುಂಚವಿಲ್ಲದೆಯೇ ಮುಖವನ್ನು ಹಿಡಿದಿಡಬಲ್ಲ ಯಂತ್ರ ಭಾರತಕ್ಕೆ ಬಂದಾಗಿತ್ತು.

ಕ್ಯಾಮೆರಾ ಬಂದ ಬಗೆ

ಫ್ರಾನ್ಸಿನ ದಾಗೆರ್ ರೂಪಿಸಿದ ಛಾಯಾಗ್ರಹಣದ ವಿಧಾನ 1839ರಲ್ಲಿ ಬಹಿರಂಗವಾಯಿತು. ಕೆಲವೇ ವರ್ಷಗಳಲ್ಲಿ ಅದು ಭಾರತದ ಬಂದರು ನಗರಗಳಿಗೆ ತಲುಪಿತು. ಮುಂಬಯಿಯಲ್ಲಿ 1854ರಲ್ಲಿ, ಮದರಾಸು ಮತ್ತು ಕಲ್ಕತ್ತಗಳಲ್ಲಿ 1856ರಲ್ಲಿ ಛಾಯಾಗ್ರಹಣ ಸಂಘಗಳು ಸ್ಥಾಪನೆಯಾದವು. ಕನ್ನಡ ನಾಡಿನಲ್ಲಿ ಕ್ಯಾಮೆರಾ ಮೊದಲು ತಿರುಗಿದ್ದು ಮನುಷ್ಯರತ್ತ ಎನ್ನುವುದಕ್ಕಿಂತ ಕಲ್ಲಿನ ಕಟ್ಟಡಗಳತ್ತ. ಸೈನ್ಯಾಧಿಕಾರಿಯಾಗಿದ್ದ ಲಿನೀಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ದೊಡ್ಡ ಗ್ರಂಥವೊಂದು ಮೆಡೋಸ್ ಟೇಲರ್‌ನ ಬರಹ ಹಾಗೂ ಫರ್ಗುಸನ್ನನ ಟಿಪ್ಪಣಿಗಳೊಂದಿಗೆ 1866ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು.

ಮನುಷ್ಯರತ್ತ ತಿರುಗಿದಾಗಲೂ ಆಳುವವರ ಕ್ಯಾಮೆರಾ ವ್ಯಕ್ತಿಯನ್ನು ನೋಡಲಿಲ್ಲ, ವರ್ಗವನ್ನು ನೋಡಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ಬಹುಪಾಲು ಚಿತ್ರಗಳ ಕೆಳಗೆ ಇರುವುದು ಜಾತಿ, ಬುಡಕಟ್ಟು, ಕಸುಬುಗಳ ಹೆಸರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕರಾವಳಿ, ಧಾರವಾಡ, ಕೊಡಗು ಪ್ರದೇಶಗಳ ಜನಜೀವನದ ಅಮೂಲ್ಯ ಚಿತ್ರಗಳನ್ನು ಉಳಿಸಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಆ ಸಂಗ್ರಹ ಇಂದು ಅಂತರ್ಜಾಲದಲ್ಲಿ ನೋಡಲು ದೊರೆಯುತ್ತದೆ. ಅಲ್ಲಿಯೂ ಪಾದ್ರಿಗಳಿಗೆ ಇರುವ ಹೆಸರು ಅವರ ಪಕ್ಕದಲ್ಲಿ ನಿಂತ ಸ್ಥಳೀಯರಿಗೆ ಅನೇಕ ಕಡೆ ಇಲ್ಲ. ಯಾವುದೋ ಮನೆಯ ಮುತ್ತಜ್ಜ ಅಲ್ಲಿ ‘ನೇಕಾರ’ನಾಗಿ, ‘ಶಾಲೆಯ ಹುಡುಗ’ನಾಗಿ ನಿಂತಿರಬಹುದು.

ಹೀಗೆ ಹೆಸರನ್ನು ಕಳೆದುಕೊಂಡ ಮುಖಕ್ಕೆ ಮನೆತನದ ಸ್ಥಾನ ಮರಳಿ ದೊರೆತದ್ದು ಸ್ಟುಡಿಯೋಗಳಿಂದ. 1854ರಲ್ಲಿ ಪ್ಯಾರಿಸಿನಲ್ಲಿ ದಿಸ್ದೇರಿ ರೂಢಿಗೆ ತಂದ ಸಣ್ಣ ಕಾರ್ಡಿನ ಚಿತ್ರಗಳು, 1860ರ ದಶಕದ ನಡುವೆ ಬಂದ ಇನ್ನೂ ದೊಡ್ಡ ಕ್ಯಾಬಿನೆಟ್ ಕಾರ್ಡುಗಳು ಭಾವಚಿತ್ರದ ಬೆಲೆಯನ್ನು ಇಳಿಸಿದವು. ಮೊದಲು ಅರಸರು, ದಿವಾನರು, ಜಹಗೀರುದಾರರು. ಬಳಿಕ ವಕೀಲರು, ಶಿರಸ್ತೇದಾರರು, ವರ್ತಕರು. ಇಪ್ಪತ್ತನೆಯ ಶತಮಾನ ಮುಂದುವರಿದಂತೆ ಪಟೇಲರು, ಶಾನುಭೋಗರು, ಶಾಲಾ ಮಾಸ್ತರರು ಸ್ಟುಡಿಯೋದ ಬಣ್ಣದ ತೆರೆಯ ಮುಂದೆ ಕುಳಿತರು. ಪಟ್ಟಣಕ್ಕೆ ಹೋಗಲಾರದವರಿಗೆ ಜಾತ್ರೆಯಲ್ಲಿ ತೆರೆ ಕಟ್ಟಿಕೊಂಡು ಬಂದ ಛಾಯಾಗ್ರಾಹಕನೇ ಗತಿ. ಪಟ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆಯಿಂದ ಕಡೆಯವರೆಗೂ ಕ್ಯಾಮೆರಾದ ಮುಂದೆ ಬಾರದವರೂ ಇದ್ದರು. ಅಂಥವರ ಏಕೈಕ ಚಿತ್ರ ಅವರು ತೀರಿಕೊಂಡ ಮೇಲೆ, ಗೋಡೆಗೆ ಒರಗಿಸಿ ಕೂರಿಸಿ, ಸುತ್ತ ಮಕ್ಕಳು ನಿಂತು ತೆಗೆಸಿದ್ದು. ಅನೇಕ ಮನೆಗಳ ಸಂಗ್ರಹದಲ್ಲಿ ಇಂಥ ಚಿತ್ರವೊಂದು ಸಿಗುತ್ತದೆ. ಅದನ್ನು ಅಮಂಗಳವೆಂದು ಎಸೆದವರು ಆ ಹಿರಿಯರ ಮುಖದ ಏಕೈಕ ದಾಖಲೆಯನ್ನೇ ಎಸೆದರು.

ಚಿತ್ರವನ್ನು ಓದುವ ಕ್ರಮ

ಶಾಸನದಲ್ಲಿ ತೇದಿಯಿಲ್ಲದಿದ್ದರೆ ಲಿಪಿಯ ಸ್ವರೂಪದಿಂದ ಕಾಲವನ್ನು ಊಹಿಸುವಂತೆ, ಭಾವಚಿತ್ರದ ಕಾಲವನ್ನೂ ಅದರ ದ್ರವ್ಯದಿಂದ ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚು ಬಳಕೆಯಲ್ಲಿದ್ದುದು ಮೊಟ್ಟೆಯ ಬಿಳಿಯನ್ನು ಲೇಪಿಸಿದ ಕಾಗದ. ಇದು ಬಹು ತೆಳುವಾದುದರಿಂದ ಯಾವಾಗಲೂ ದಪ್ಪ ರಟ್ಟಿಗೆ ಅಂಟಿಸಿರುತ್ತದೆ. ಬಣ್ಣ ಕಂದು, ಮಾಸಿದಾಗ ಹಳದಿ. ಇಪ್ಪತ್ತನೆಯ ಶತಮಾನದ ಕಪ್ಪುಬಿಳುಪು ಚಿತ್ರಗಳು ಬೆಳ್ಳಿಯ ಲವಣವನ್ನು ಜಿಲೆಟಿನ್ನಿನಲ್ಲಿ ಬೆರೆಸಿ ಲೇಪಿಸಿದ ಕಾಗದದವು. ಇವುಗಳ ಕಪ್ಪು ಭಾಗಗಳಲ್ಲಿ ಓರೆಯಾಗಿ ಹಿಡಿದಾಗ ಕಾಣುವ ನೀಲಿಬೆಳ್ಳಿಯ ಹೊಳಪು ಬೆಳ್ಳಿ ಮೇಲೆದ್ದುದರ ಕುರುಹು. ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನಂಥ ನುಣುಪಿದ್ದರೆ ಅದು 1970ರ ಆಚೀಚಿನದು ಅಥವಾ ಇನ್ನೂ ಈಚಿನದು. ಹಳೆಯ ಚಿತ್ರದ ಹೊಸ ಪ್ರತಿಯನ್ನು ಮೂಲವೆಂದು ಭ್ರಮಿಸದಿರಲು ಈ ತಿಳಿವಳಿಕೆ ಅಗತ್ಯ.

ರಟ್ಟಿನ ಕೆಳಗಡೆ ಅಥವಾ ಬೆನ್ನಿನಲ್ಲಿ ಅಚ್ಚಾದ ಸ್ಟುಡಿಯೋದ ಹೆಸರು ಮತ್ತು ಊರು ಮತ್ತೊಂದು ಸುಳಿವು. ಮಲೆನಾಡಿನ ಅಡಕೆ ಬೆಳೆಗಾರನೊಬ್ಬನ ಚಿತ್ರ ಮುಂಬಯಿಯ ಸ್ಟುಡಿಯೋದಲ್ಲಿ ತೆಗೆದುದಾದರೆ, ಆ ಪ್ರಯಾಣಕ್ಕೆ ಕಾರಣವೇನೆಂಬ ಪ್ರಶ್ನೆ ಹುಟ್ಟುತ್ತದೆ. ವ್ಯಾಪಾರವೋ, ವ್ಯಾಜ್ಯವೋ, ತೀರ್ಥಯಾತ್ರೆಯೋ, ಮಗನ ಓದೋ ಎಂದು ಹುಡುಕುತ್ತ ಹೋದಾಗ ಮನೆಯ ಹಳೆಯ ಕಾಗದಪತ್ರಗಳಿಗೂ ಅರ್ಥ ಬರುತ್ತದೆ. ಆದರೆ ತೆರೆಯ ಮೇಲಿನ ಕಮಾನು, ಕಂಬ, ಸರೋವರಗಳನ್ನು ನಂಬಬಾರದು. ಮೇಜಿನ ಮೇಲಿನ ಪುಸ್ತಕ, ಹೂದಾನಿ, ಕೆಲವೊಮ್ಮೆ ಮೈಮೇಲಿನ ಕೋಟೂ ಸ್ಟುಡಿಯೋದ್ದೇ. ಪುಸ್ತಕ ಹಿಡಿದವರೆಲ್ಲ ಓದು ಬಲ್ಲವರಾಗಿರಲಿಲ್ಲ. ನಂಬಬೇಕಾದದ್ದು ಎರವಲು ತರಲಾಗದ್ದನ್ನು: ಕೈಗಳ ಒರಟುತನ, ಕಿವಿಯ ತೂತು, ರುಮಾಲು ಸುತ್ತಿದ ಬಗೆ, ಸೀರೆಯ ಕಚ್ಚೆ, ಹಣೆಯ ಗುರುತು.

ಕುಳಿತ ಕ್ರಮವೂ ಒಂದು ಭಾಷೆ. ಕುರ್ಚಿ ಯಾರಿಗೆ, ನೆಲ ಯಾರಿಗೆ, ಯಾರ ಕೈ ಯಾರ ಹೆಗಲ ಮೇಲೆ ಎಂಬುದರಲ್ಲಿ ಮನೆಯ ಅಧಿಕಾರದ ಶ್ರೇಣಿ ಅಡಗಿರುತ್ತದೆ. ಯಾರು ಇಲ್ಲ ಎಂಬುದೂ ಅಷ್ಟೇ ಮುಖ್ಯ. ತುಂಬಿದ ಮನೆಯ ಗುಂಪುಚಿತ್ರದಲ್ಲಿ, ಆಗ ಬದುಕಿದ್ದ ವಿಧವೆ ಸೋದರತ್ತೆ ಕಾಣಿಸದಿದ್ದರೆ ಅದು ಆಕಸ್ಮಿಕವಲ್ಲ. ಕೆಲವು ಮನೆತನಗಳಲ್ಲಿ ಕೇಶಮುಂಡನ ಮಾಡಿಸಿಕೊಂಡ ಹೆಂಗಸರು ಶುಭಕಾರ್ಯಕ್ಕೆ ಎದುರಾಗದಂತೆ ಕ್ಯಾಮೆರಾಕ್ಕೂ ಎದುರಾಗಲಿಲ್ಲ. ಅವರ ಇತಿಹಾಸವನ್ನು ಚಿತ್ರದಿಂದ ತಿಳಿಯಲು ಸಾಧ್ಯವೇ ಇಲ್ಲ, ಮಾತಿನಿಂದಲೇ ತಿಳಿಯಬೇಕು.

ಪ್ರದೇಶದ ಕುಟುಂಬಪದ್ಧತಿ ತಿಳಿಯದಿದ್ದರೆ ಚಿತ್ರದ ಓದು ತಪ್ಪುವುದಕ್ಕೆ ತುಳುನಾಡು ಸ್ಪಷ್ಟ ಉದಾಹರಣೆ. ಅಲ್ಲಿನ ಜೈನ, ಬಂಟ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿತ್ತು. ವಂಶ ಹೆಣ್ಣಿನಿಂದ ಸಾಗುತ್ತದೆ. ಆಸ್ತಿಯ ಆಡಳಿತ ಸೋದರಮಾವನಿಂದ ಸೋದರಳಿಯನಿಗೆ ಬರುತ್ತದೆ. ಬೀಡಿನ ಚಾವಡಿಯಲ್ಲಿ ತೂಗುವ ಗುಂಪುಚಿತ್ರದ ನಡುವೆ ಕುಳಿತ ಯಜಮಾನರು ಅಕ್ಕಪಕ್ಕದ ಮಕ್ಕಳ ತಂದೆಯಲ್ಲ, ಮಾವ. ಅವರ ಸ್ವಂತ ಮಕ್ಕಳು ಬೇರೊಂದು ಮನೆಯ ಚಿತ್ರದಲ್ಲಿ ಇನ್ನೊಬ್ಬ ಮಾವನ ಪಕ್ಕದಲ್ಲಿದ್ದಾರೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಬಳಿಕ ಕೂಡುಕುಟುಂಬಗಳು ಪಾಲಾದವು. ತಂದೆಯಿಂದ ಮಕ್ಕಳಿಗೆ ಎಂಬ ಕ್ರಮ ರೂಢಿಗೆ ಬಂತು. ಇಂದಿನ ತಲೆಮಾರಿನವರು ಅಂಥ ಚಿತ್ರದ ನಡುವಿನವರನ್ನು ‘ಅಜ್ಜ’ ಎಂದು ಬರೆದಿಟ್ಟರೆ ಒಂದೇ ಪದದಿಂದ ಇಡೀ ವಂಶವೃಕ್ಷ ತಲೆಕೆಳಗಾಗುತ್ತದೆ. ‘ತಾಯಿಯ ಸೋದರಮಾವ’ ಎಂದು ಸಂಬಂಧವನ್ನು ಬಿಡಿಸಿ ಬರೆಯುವುದೊಂದೇ ಇದಕ್ಕೆ ಪರಿಹಾರ.

ಹೆಣ್ಣಿನ ಎರಡು ಹೆಸರು

ಕುಟುಂಬದ ಚಿತ್ರಗಳಲ್ಲಿ ಬೇಗ ಹೆಸರು ಕಳೆದುಕೊಳ್ಳುವವರು ಹೆಂಗಸರು. ಇದಕ್ಕೆ ಕಾರಣ ಮರೆವು ಮಾತ್ರವಲ್ಲ. ಅನೇಕ ಮನೆತನಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುವ ಪದ್ಧತಿಯಿತ್ತು. ತವರಿನ ಪದ್ಮಾವತಿ ಅತ್ತೆಮನೆಯಲ್ಲಿ ಸರಸ್ವತಿಯಾಗುತ್ತಾಳೆ. ತವರಿನ ಪಟದ ಬೆನ್ನಿಗೆ ಒಂದು ಹೆಸರು, ಅತ್ತೆಮನೆಯ ಪಟದ ಬೆನ್ನಿಗೆ ಇನ್ನೊಂದು. ಎರಡು ಮನೆಯವರೂ ಕಲೆತು ನೋಡದಿದ್ದರೆ ಒಬ್ಬಳೇ ಹೆಂಗಸು ಇತಿಹಾಸದಲ್ಲಿ ಇಬ್ಬರಾಗುತ್ತಾಳೆ, ಅಥವಾ ಒಂದೂ ಆಗದೆ ಹೋಗುತ್ತಾಳೆ. ಹೆಸರೇ ಇಲ್ಲದೆ ‘ಅವರ ಧರ್ಮಪತ್ನಿ’ ಎಂದು ಮುಗಿಸಿದ ಬರಹಗಳಂತೂ ಲೆಕ್ಕವಿಲ್ಲದಷ್ಟು. ಹನ್ನೆರಡನೆಯ ಶತಮಾನದ ಕಲ್ಲು ಮಾಚಿಕಬ್ಬೆಯ ಅಜ್ಜಿಯ ಹೆಸರನ್ನು ಇಂದಿಗೂ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಪಟದಲ್ಲಿ ಕಣ್ಣೆದುರು ಕುಳಿತಿರುವ ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ತಿಳಿಯದು. ಈ ವೈದೃಶ್ಯವೇ ವಿಷಯದ ಗಾಂಭೀರ್ಯವನ್ನು ತಿಳಿಸಲು ಸಾಕು.

ಫ್ರೆಂಚ್ ಚಿಂತಕ ರೋಲಾನ್ ಬಾರ್ತ್ ಛಾಯಾಚಿತ್ರವನ್ನು ಕುರಿತು 1980ರಲ್ಲಿ ಪ್ರಕಟಿಸಿದ ‘ಕ್ಯಾಮೆರಾ ಲೂಸಿಡಾ’ ಗ್ರಂಥದ ಕೇಂದ್ರದಲ್ಲಿರುವುದು ಅವನ ತಾಯಿಯ ಬಾಲ್ಯದ ಒಂದು ಚಿತ್ರ. ಗ್ರಂಥದಲ್ಲಿ ಬೇರೆ ಅನೇಕ ಚಿತ್ರಗಳಿದ್ದರೂ ಆ ಒಂದು ಚಿತ್ರವನ್ನು ಅವನು ಅಚ್ಚು ಹಾಕಿಸಲಿಲ್ಲ. ತನಗೆ ಮಾತ್ರ ಅದು ತಾಯಿ. ಉಳಿದವರಿಗೆ ಸಾವಿರ ಹಳೆಯ ಚಿತ್ರಗಳಲ್ಲಿ ಒಂದು ಎಂಬುದು ಅವನ ನಿಲುವು. ಭಾವಚಿತ್ರದ ಅರ್ಥ ಕಾಗದದ ಮೇಲಿಲ್ಲ, ಅದನ್ನು ನೋಡುವವನ ತಿಳಿವಳಿಕೆಯಲ್ಲಿದೆ ಎಂಬುದನ್ನು ಇದಕ್ಕಿಂತ ಖಚಿತವಾಗಿ ತೋರಿಸುವುದು ಕಷ್ಟ. ಆ ತಿಳಿವಳಿಕೆಯನ್ನು ಬರಹಕ್ಕೆ ಇಳಿಸದಿದ್ದರೆ ನೋಡುವವನ ಜೊತೆಗೇ ಅದು ಮುಗಿಯುತ್ತದೆ.

ಚಿತ್ರ ಹೇಳುವ ಸುಳ್ಳು

ಕ್ಯಾಮೆರಾ ಸುಳ್ಳು ಹೇಳದೆಂಬ ಮಾತು ಪೂರ್ತಿ ನಿಜವಲ್ಲ. ತೀರಿಕೊಂಡವರ ಒಂಟಿಚಿತ್ರ ಇಲ್ಲದಿದ್ದಾಗ, ಹಳೆಯ ಗುಂಪುಚಿತ್ರದಿಂದ ಅವರ ಮುಖವನ್ನಷ್ಟೇ ಎತ್ತಿ, ದೊಡ್ಡದು ಮಾಡಿಸಿ, ಉಳಿದುದನ್ನು ಕುಂಚದಿಂದ ತುಂಬಿಸುವುದು ಸ್ಟುಡಿಯೋಗಳ ನಿತ್ಯದ ಕೆಲಸವಾಗಿತ್ತು. ಬದುಕಿರುವಾಗ ತೊಡದ ಸರ, ಉಡದ ಜರಿಸೀರೆ, ಹಾಕದ ಕರಿಕೋಟು ಸತ್ತ ಮೇಲೆ ಬಂದವು. ಬೇರೆ ಬೇರೆ ಕಾಲದಲ್ಲಿ ತೆಗೆದ ಗಂಡಹೆಂಡಿರ ಚಿತ್ರಗಳನ್ನು ಜೋಡಿಸಿ ದಂಪತಿಗಳ ಪಟ ಮಾಡಿಸಿದ್ದೂ ಉಂಟು. ಅಂಥ ಪಟದಲ್ಲಿ ಇಪ್ಪತ್ತರ ಹೆಂಡತಿಯ ಪಕ್ಕ ಅರವತ್ತರ ಗಂಡ ಕಾಣಿಸುವುದು ಆಕೆ ಎಳೆಯ ವಯಸ್ಸಿನಲ್ಲೇ ತೀರಿಕೊಂಡಳೆಂಬುದರ ಸೂಚನೆಯಾಗಿರಬಹುದು. ಇದು ವಂಚನೆಯಲ್ಲ, ನೆನಪಿನ ಗೌರವಕ್ಕಾಗಿ ಮಾಡಿದ ಅಲಂಕಾರ. ಆದರೆ ಕವಿಯ ಪ್ರಶಸ್ತಿಪದ್ಯದಲ್ಲಿ ವಾಸ್ತವವನ್ನೂ ಉತ್ಪ್ರೇಕ್ಷೆಯನ್ನೂ ಬೇರ್ಪಡಿಸಿ ಓದುವ ವಿವೇಕವೇ ಇಲ್ಲಿಯೂ ಬೇಕು. ಸಾಧ್ಯವಿದ್ದಲ್ಲಿ ಮೂಲ ಗುಂಪುಚಿತ್ರವನ್ನು ಹುಡುಕಿ ಎರಡನ್ನೂ ಒಟ್ಟಿಗೆ ಇಡುವುದು ಒಳ್ಳೆಯದು.

ಅಳಿವಿನ ದಾರಿಗಳು

ಗೌರವದಿಂದಲೇ ಹಾಳಾದ ಪಟಗಳು ಅಲಕ್ಷ್ಯದಿಂದ ಹಾಳಾದವುಗಳಿಗಿಂತ ಕಡಿಮೆಯೇನಲ್ಲ. ಗಾಜಿನ ಮೇಲೆ ಇಟ್ಟ ಗಂಧಕುಂಕುಮ ಅಂಚಿನಿಂದ ಒಳಗಿಳಿಯುತ್ತದೆ. ಹಸಿ ಹೂವಿನ ಮಾಲೆ ತೇವವನ್ನು ತರುತ್ತದೆ. ದೀಪ ಮತ್ತು ಊದುಬತ್ತಿಯ ಹೊಗೆ ಪದರವಾಗಿ ಕೂರುತ್ತದೆ. ಚೌಕಟ್ಟಿನಲ್ಲಿ ಗಾಜಿಗೆ ತಾಗಿಯೇ ಇರುವ ಚಿತ್ರದ ಜಿಲೆಟಿನ್ ಪದರ ಮಳೆಗಾಲದ ತೇವದಲ್ಲಿ ಮೆತ್ತಗಾಗಿ ಗಾಜಿಗೆ ಅಂಟಿಬಿಡುತ್ತದೆ. ಕರಾವಳಿ ಮತ್ತು ಮಲೆನಾಡುಗಳಲ್ಲಿ ಇದು ಅತಿ ಸಾಮಾನ್ಯ. ಅದನ್ನು ಕಿತ್ತರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಹಾಗೆ ಅಂಟಿದ ಪಟವನ್ನು ಬಿಡಿಸದೆ ಗಾಜಿನ ಮೂಲಕವೇ ಪ್ರತಿ ತೆಗೆಯಬೇಕು. ಅಂಟುಹಾಳೆಯ ಆಲ್ಬಮ್ಮುಗಳು, ಲ್ಯಾಮಿನೇಶನ್, ಅಗ್ಗದ ಪ್ಲಾಸ್ಟಿಕ್ ಚೀಲಗಳು ರಕ್ಷಣೆಯಂತೆ ಕಂಡರೂ ದೀರ್ಘಕಾಲದಲ್ಲಿ ಹಾನಿಯನ್ನೇ ಮಾಡುತ್ತವೆ. ಬಣ್ಣದ ಚಿತ್ರಗಳದ್ದು ಇನ್ನೊಂದು ಕಥೆ. ಅವುಗಳ ಬಣ್ಣ ಬೆಳ್ಳಿಯದಲ್ಲ, ರಾಸಾಯನಿಕ ವರ್ಣದ್ದು. ಆದ್ದರಿಂದ 1930ರ ಅಜ್ಜನ ಕಪ್ಪುಬಿಳುಪು ಚಿತ್ರ ಸ್ಪಷ್ಟವಾಗಿರುವಾಗಲೇ 1980ರ ಮದುವೆಯ ಬಣ್ಣದ ಚಿತ್ರ ಕೆಂಪಾಗಿ ಮಸುಕಾಗುತ್ತಿರುತ್ತದೆ.

ಸ್ಟುಡಿಯೋಗಳು ಮುಚ್ಚಿದಾಗ ಅವುಗಳ ನೆಗೆಟಿವ್‌ಗಳು ಅಳಿದುದು ಇನ್ನೂ ದೊಡ್ಡ ನಷ್ಟ. ಕಲ್ಕತ್ತದ ಪ್ರಸಿದ್ಧ ಬೋರ್ನ್ ಅಂಡ್ ಶೆಫರ್ಡ್ ಸಂಸ್ಥೆಯ ಹಳೆಯ ಸಂಗ್ರಹದ ಬಹುಭಾಗ 1991ರ ಬೆಂಕಿಯಲ್ಲಿ ನಾಶವಾಯಿತು. 2016ರಲ್ಲಿ ಆ ಸ್ಟುಡಿಯೋ ಬಾಗಿಲು ಹಾಕಿತು. ಸಣ್ಣ ಊರುಗಳ ಸ್ಟುಡಿಯೋಗಳ ಅಳಿವು ಸುದ್ದಿಯೂ ಆಗಲಿಲ್ಲ. ಮನೆಗಳು ಪಾಲಾದಾಗಲೂ ಹೀಗೆಯೇ. ಹಿತ್ತಾಳೆಯ ಹಂಡೆಯಿಂದ ಹಿಡಿದು ಒಡವೆಯವರೆಗೆ ತೂಗಿ ಹಂಚಿಕೊಂಡವರು ಪಟಗಳನ್ನು ಯಾರ ಪಾಲಿಗೂ ಹಾಕಲಿಲ್ಲ. ಅವು ಅಟ್ಟ ಸೇರಿದವು. ಮನೆ ಬಿಚ್ಚಿಸಿದಾಗ ಚೌಕಟ್ಟಿನ ಮರಕ್ಕೆ ಮಾತ್ರ ಬೆಲೆ ಬಂತು.

ಮೊದಲು ಹೆಸರು, ಆಮೇಲೆ ಪ್ರತಿ

ರಕ್ಷಣೆಯ ಕೆಲಸದಲ್ಲಿ ಅನುಕ್ರಮ ಮುಖ್ಯ. ಕಾಗದ ಇನ್ನೂ ಹತ್ತು ವರ್ಷ ತಾಳಿಕೊಳ್ಳಬಹುದು. ತೊಂಬತ್ತರ ಅಜ್ಜಿಯ ನೆನಪು ತಾಳಿಕೊಳ್ಳುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಹೆಸರು ಬರೆದುಕೊಳ್ಳುವುದು ಮೊದಲು. ಚಿತ್ರದ ದೊಡ್ಡ ಪ್ರತಿಯೊಂದನ್ನು ತೆಗೆಸಿ, ಪ್ರತಿಯೊಂದು ಮುಖಕ್ಕೂ ಅಂಕಿ ಹಾಕಿ, ಅದನ್ನು ಹಿರಿಯರ ಮುಂದಿಟ್ಟು ಕೇಳಬೇಕು. ಹುಟ್ಟಿದ ಹೆಸರು, ಮದುವೆಯ ನಂತರದ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ತವರೂರು, ಕೊಟ್ಟ ಊರು, ಚಿತ್ರ ತೆಗೆಸಿದ ಸಂದರ್ಭ ಇವೆಲ್ಲ ಬೇಕು. ಕಾಲ ತಿಳಿಯದಿದ್ದರೆ ಮನೆಯ ಕಾಲಗಣನೆಯಲ್ಲೇ ಕೇಳಬೇಕು. ಪ್ಲೇಗು ಬಂದು ಊರು ಬಿಟ್ಟದ್ದಕ್ಕೆ ಮೊದಲೋ ಆಮೇಲೋ, ದೊಡ್ಡಪ್ಪನ ಮದುವೆಗೆ ಹಿಂದೋ ಮುಂದೋ ಎಂದರೆ ಉತ್ತರ ದೊರೆಯುತ್ತದೆ. ಒಬ್ಬರೇ ಹೇಳಿದ್ದನ್ನು ಅಂತಿಮವೆನ್ನದೆ ಇನ್ನೊಬ್ಬರನ್ನೂ ಬೇರೆಯಾಗಿ ಕೇಳಿ, ಅಭಿಪ್ರಾಯಭೇದವಿದ್ದರೆ ಎರಡನ್ನೂ ಬರೆದಿಡಬೇಕು. ಹೇಳಿದವರು ಯಾರು, ಬರೆದುಕೊಂಡವರು ಯಾರು, ಯಾವ ದಿನ ಎಂಬುದೂ ಅದರ ಕೆಳಗಿರಬೇಕು. ಶಾಸನವನ್ನು ಬರೆದವನೂ ಕಂಡರಿಸಿದ ರೂವಾರಿಯೂ ತಮ್ಮ ಹೆಸರು ಹಾಕಿದುದರ ಹಿಂದಿನ ಹೊಣೆಗಾರಿಕೆ ಇದೇ.

ಹೆಸರಿನ ಜೊತೆಗೆ ನಡೆನುಡಿಯೂ ಬಂದರೆ ಇತಿಹಾಸಕ್ಕೆ ಜೀವ ಬರುತ್ತದೆ. ಡಿ.ವಿ. ಗುಂಡಪ್ಪನವರು ತಾವು ಕಂಡ ವ್ಯಕ್ತಿಗಳ ನೆನಪುಗಳನ್ನು ಎಂಟು ಸಂಪುಟಗಳಲ್ಲಿ ಬರೆದು ಅದಕ್ಕೆ ‘ಜ್ಞಾಪಕ ಚಿತ್ರಶಾಲೆ’ ಎಂದು ಹೆಸರಿಟ್ಟರು. ಮಂತ್ರಿಗಳಿಗೂ ವೈದಿಕರಿಗೂ ಕಲಾವಿದರಿಗೂ ಅಲ್ಲಿ ಎಡೆಯುಂಟು. ಅವರ ಊಟ, ಉಡುಗೆ, ಮಾತಿನ ವರಸೆಗಳಿಂದ ಮೂಡುವ ಚಿತ್ರವನ್ನು ಯಾವ ಕ್ಯಾಮೆರಾವೂ ತೆಗೆಯಲಾರದು. ಪ್ರತಿ ಮನೆಯ ಪಟಗಳಿಗೂ ಅಂಥದೊಂದು ಸಣ್ಣ ಟಿಪ್ಪಣಿ ಸಾಧ್ಯ.

ಬಳಿಕ ಕಾಗದದ ಕೆಲಸ. ಹಳೆಯ ಕಾಗದದ ಚಿತ್ರವಾದರೆ ಬೆನ್ನಿಗೆ, ಅಂಚಿನ ಹತ್ತಿರ, ಒತ್ತದೆ ಮೆತ್ತನೆಯ ಸೀಸದ ಕಡ್ಡಿಯಿಂದ ಬರೆಯಬೇಕು. ಶಾಯಿಯ ಲೇಖನಿ ಮುಂಬದಿಗೆ ಒಡಮೂಡುತ್ತದೆ. ನುಣುಪು ಬೆನ್ನಿನ ಚಿತ್ರಗಳಿಗೆ ಹೊರಗಿನ ಕಾಗದದ ಲಕೋಟೆಯ ಮೇಲೆ ಮೊದಲು ಬರೆದು ಆಮೇಲೆ ಚಿತ್ರವನ್ನು ಒಳಗಿಡುವುದು ಕ್ಷೇಮ. ಸ್ಕ್ಯಾನ್ ಮಾಡುವಾಗ ಇಂಚಿಗೆ 600 ಬಿಂದುಗಳಿಗೆ ಕಡಿಮೆಯಿಲ್ಲದಂತೆ, ಮುಂಬದಿ ಹಿಂಬದಿಗಳೆರಡನ್ನೂ, ಸ್ಟುಡಿಯೋದ ಅಚ್ಚು ಸಹಿತ ತೆಗೆಯಬೇಕು. ಮುಖಗಳಷ್ಟನ್ನೇ ಕತ್ತರಿಸಿ ತೆಗೆದರೆ ಅರ್ಧ ಸಾಕ್ಷ್ಯ ಹೋಗುತ್ತದೆ. ಮೊಬೈಲಿನಲ್ಲಿ ಕುಟುಂಬದ ಗುಂಪುಗಳಿಗೆ ಹರಿದುಹೋಗುವ ಚಿತ್ರಗಳು ಮೂಲದ ಸೂಕ್ಷ್ಮತೆಯನ್ನೂ ಹೆಸರನ್ನೂ ದಾರಿಯಲ್ಲೇ ಕಳೆದುಕೊಳ್ಳುತ್ತವೆ. ಆದ್ದರಿಂದ ಹೆಸರುಗಳನ್ನು ಚಿತ್ರದ ಕೆಳಗೆ ಒಂದು ಬಿಳಿಯ ಪಟ್ಟಿಯಲ್ಲಿ ಸೇರಿಸಿದ ಪ್ರತಿಯೊಂದನ್ನು ಹಂಚುವುದು ಒಳ್ಳೆಯ ಉಪಾಯ.

ಒಂದು ಮನೆಯ ಚಿತ್ರ ನಾಡಿನ ಇತಿಹಾಸಕ್ಕೂ ಆಕರವಾಗಬಲ್ಲದು. ಅನುಷಾ ಯಾದವ್ 2010ರಲ್ಲಿ ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಮನೆಮನೆಗಳ ಹಳೆಯ ಚಿತ್ರಗಳನ್ನು, ಅವುಗಳ ಹಿಂದಿನ ಕಥೆಯೊಂದಿಗೆ ಮಾತ್ರ ಸ್ವೀಕರಿಸಿ, ದೇಶದ ಸಾಮಾಜಿಕ ಚರಿತ್ರೆಯನ್ನು ಕಟ್ಟುತ್ತ ಬಂದಿದೆ. ಕನ್ನಡದಲ್ಲಿ ಉಡುಗೆತೊಡುಗೆ, ಸ್ತ್ರೀಶಿಕ್ಷಣ, ವಲಸೆ, ಸ್ವಾತಂತ್ರ್ಯ ಚಳವಳಿಗಳನ್ನು ಕುರಿತು ಸಂಶೋಧನೆ ಮಾಡುವವರು ಗ್ರಂಥಾಲಯಗಳಷ್ಟೇ ಶ್ರದ್ಧೆಯಿಂದ ಪಡಸಾಲೆಗಳನ್ನೂ ನೋಡಬೇಕಾಗಿದೆ. ಆರ್. ನರಸಿಂಹಾಚಾರ್ಯರು ಓಲೆಗರಿಗಳಲ್ಲಿ ಹುದುಗಿದ್ದ ಕವಿಗಳ ವಂಶವಿವರಗಳನ್ನು ಒಂದೊಂದಾಗಿ ಹೆಕ್ಕಿದ್ದರಿಂದಲೇ ‘ಕರ್ನಾಟಕ ಕವಿಚರಿತೆ’ ಸಾಧ್ಯವಾಯಿತು. ಅವರಿಗೆ ಆ ವಿವರಗಳು ದೊರೆತದ್ದು ಕವಿಗಳೂ ಲಿಪಿಕಾರರೂ ಹೆಸರು ಬರೆದಿಟ್ಟಿದ್ದರಿಂದ.

ನಿಸಿಧಿಯಲ್ಲಿ ಹೆಸರಿದೆ, ಮುಖವಿಲ್ಲ. ಪಟದಲ್ಲಿ ಮುಖವಿದೆ, ಹೆಸರಿಲ್ಲ. ಎರಡನ್ನೂ ಒಟ್ಟಿಗೆ ಉಳಿಸುವ ಸಾಧನ ದೊರೆತಿರುವುದು ಈಚಿನ ಕೆಲವೇ ತಲೆಮಾರುಗಳಿಗೆ. 1940, 50ರ ದಶಕದ ಚಿತ್ರಗಳಲ್ಲಿ ಜಮಖಾನೆಯ ಮೇಲೆ ಕುಳಿತಿದ್ದ ಮಕ್ಕಳಲ್ಲಿ ಕೆಲವರು ಇಂದಿಗೂ ಬದುಕಿದ್ದಾರೆ. ಹಿಂದಿನ ಸಾಲಿನಲ್ಲಿ ನಿಂತವರೆಲ್ಲರ ಹೆಸರನ್ನು ಹೇಳಬಲ್ಲವರು ಇನ್ನು ಅವರೇ. ಪಟವನ್ನು ಗೋಡೆಯಿಂದ ಇಳಿಸಿ ಅವರ ಮುಂದೆ ಇಡುವ ಕೆಲಸ ಮಾತ್ರ ಕಿರಿಯರದು.